ಬಣ್ಣ ಹಚ್ಚಿದ್ದಕ್ಕೆ ದಾಖಲೆ ಇದೆಯೇ?

ವಿಶ್ವ ಆರೋಗ್ಯ ಸಂಸ್ಥೆಯವರು ಒಮ್ಮೊಮ್ಮೆ ಕಾಯಿಲೆಗಿಂತ ಮೊದಲೇ ಚೀಟಿ ಬರೆದುಬಿಡುತ್ತಾರೆ. 2019ರ ನವೆಂಬರ್‌ನಲ್ಲಿ ಅದರ ಯುರೋಪ್ ಕಚೇರಿ ಒಂದು ವರದಿ ಹೊರಡಿಸಿತು. ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ ಅದು ಹೇಳಿದ್ದಿಷ್ಟು: ಹಾಡು, ಕುಣಿತ, ನಾಟಕ, ಚಿತ್ರ ಎಲ್ಲವೂ ಮನುಷ್ಯನ ಮೈಮನಸ್ಸಿಗೆ ಹಿತ, ಸರ್ಕಾರಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ತಿಂಗಳೊಪ್ಪತ್ತಿನಲ್ಲಿ ವುಹಾನ್ ಕೆಮ್ಮತೊಡಗಿತು. ನಾಲ್ಕು ತಿಂಗಳಿಗೆ ಆ ಕೆಮ್ಮು ಕರ್ನಾಟಕಕ್ಕೂ ಬಂತು. ನಮ್ಮವರು ಕಲೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, 2020ರ ಮಾರ್ಚ್ 14ರಂದು ಮೊದಲ ಕಂತಿನಲ್ಲೇ ಬೀಗ ಬಿದ್ದದ್ದು ಚಿತ್ರಮಂದಿರಕ್ಕೆ, ಜಾತ್ರೆಗೆ, ಜನ ಸೇರುವ ಸಮಾರಂಭಕ್ಕೆ.

ಮುಚ್ಚಿದ್ದಕ್ಕೆ ತಕರಾರಿಲ್ಲ. ಜನ ಒತ್ತೊತ್ತಾಗಿ ಕೂತರೆ ಸೋಂಕು ಹಬ್ಬುತ್ತದೆ. ಇದನ್ನು ಹೇಳಲು ವಿಜ್ಞಾನಿಯೇ ಬೇಕೆಂದಿಲ್ಲ. ತಕರಾರಿರುವುದು ಬೀಗ ತೆಗೆದ ಸರದಿಯ ಬಗ್ಗೆ. ಮದ್ಯದಂಗಡಿ ಮೇ 4ಕ್ಕೆ ತೆರೆಯಿತು. ಮೊದಲ ದಿನದ ವಹಿವಾಟು 45 ಕೋಟಿ ರೂಪಾಯಿ. ಮರುದಿನ ಅದು ನೂರೈವತ್ತನ್ನೂ ದಾಟಿ ಇನ್ನೂರರ ಹತ್ತಿರ ಹೋಯಿತು. ಅಂಗಡಿಯ ಶಟರ್‌ಗೆ ಕಾಯಿ ಒಡೆದು, ಊದುಬತ್ತಿ ಬೆಳಗಿದ ಭಕ್ತರನ್ನು ಟಿ.ವಿ.ಗಳು ದಿನವಿಡೀ ತೋರಿಸಿದವು. ಚಿತ್ರಮಂದಿರಕ್ಕೆ ಅಪ್ಪಣೆ ಸಿಕ್ಕಿದ್ದು ಅಕ್ಟೋಬರ್ 15ಕ್ಕೆ, ಅದೂ ಅರ್ಧ ಸೀಟಿಗೆ. ಪ್ರಜೆಯ ಮನಃಶಾಂತಿಗೆ ಯಾವುದು ಎಷ್ಟು ತುರ್ತು ಎಂಬುದರ ಬಗ್ಗೆ ರಾಜ್ಯದ ಅಭಿಪ್ರಾಯ ಈ ಎರಡು ತಾರೀಖುಗಳಲ್ಲೇ ಇದೆ. ಬೇರೆ ಶ್ವೇತಪತ್ರ ಬೇಕಿಲ್ಲ. ಬಾಟಲಿಯಿಂದ ಅಬಕಾರಿ ಸುಂಕ ಬರುತ್ತದೆ. ನಾಟಕದಿಂದ ಬರುವುದು ಕಣ್ಣೀರು, ನಗು, ಅಪರೂಪಕ್ಕೊಂದು ವಿವೇಕ. ಇವಕ್ಕೆ ಇನ್ನೂ ಸುಂಕ ಕಟ್ಟಿಲ್ಲ.

ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿಯ ದಿನ. ಆ ವರ್ಷದ ಬೇವು ಯಾರ ಪಾಲಿಗೆ ಬಂತೆಂದು ದಾವಣಗೆರೆ–ಹರಿಹರ ಸೀಮೆಯ ನಾಟಕದವರನ್ನು ಕೇಳಿ. ಗುತ್ತೂರಿನಂಥ ಹೊಳೆಸಾಲಿನ ಹಳ್ಳಿಗಳಲ್ಲಿ ಯುಗಾದಿಯಿಂದ ಕಾರಹುಣ್ಣಿಮೆವರೆಗೆ ಒಂದು ಊರಲ್ಲಿ ತೇರು, ಇನ್ನೊಂದರಲ್ಲಿ ಮಾರಿಹಬ್ಬ, ಅದರ ಬೆನ್ನಿಗೇ ನಾಟಕ. ಗಂಡಸರ ಪಾರ್ಟುಗಳನ್ನು ಊರ ಹುಡುಗರು ಹಂಚಿಕೊಳ್ಳುತ್ತಾರೆ. ಹಣ ಹೆಚ್ಚು ಕೊಟ್ಟವನಿಗೆ ನಾಯಕನ ಪಾರ್ಟು, ಪ್ರತಿಭೆ ಇದ್ದವನಿಗೆ ಹಾಸ್ಯದ ಪಾರ್ಟು. ಇದು ಅಲಿಖಿತ ಮೀಸಲಾತಿ. ಹೆಣ್ಣಿನ ಪಾರ್ಟಿಗೆ ದಾವಣಗೆರೆಯಿಂದಲೋ ಚಿತ್ರದುರ್ಗದಿಂದಲೋ ಕಲಾವಿದೆಯರು ಬರುತ್ತಾರೆ. ಇವತ್ತು ಈ ಊರಲ್ಲಿ ಹೀರೊಯಿನ್ ಆಗಿ, ಬೆಳಗಿನ ಜಾವದ ಬಸ್ಸಿನಲ್ಲಿ ನಿದ್ದೆ ಮಾಡಿ, ನಾಳೆ ಇನ್ನೊಂದು ಊರಲ್ಲಿ ಅತ್ತಿಗೆಯಾಗುತ್ತಾರೆ. ಪೇಟಿ ಮಾಸ್ತರು ತಿಂಗಳುಗಟ್ಟಲೆ ಊರಲ್ಲೇ ಬೀಡುಬಿಟ್ಟು, ಗದ್ದೆಯಿಂದ ನೇರ ರಿಹರ್ಸಲ್ಲಿಗೆ ಬಂದವರ ಬಾಯಲ್ಲಿ ಕಂದ, ವೃತ್ತ ಹಾಡಿಸುತ್ತಾರೆ. ಸೀನರಿ ಬಾಡಿಗೆ, ಡ್ರೆಸ್ ಬಾಡಿಗೆ, ಸೌಂಡ್ ಬಾಡಿಗೆ, ಜನರೇಟರ್ ಬಾಡಿಗೆ. ಒಂದು ರಾತ್ರಿಯ ನಾಟಕಕ್ಕೆ ಇಷ್ಟು ಮನೆಗಳ ಒಲೆ ಹೊತ್ತುತ್ತದೆ.

ಆ ಯುಗಾದಿಗೆ ಗುಲಾಬಿ, ಹಳದಿ ಕಾಗದದ ಕರಪತ್ರಗಳು ಅಚ್ಚಾಗಿ ಬಂದಿದ್ದವು. ಮೇಲೆ ದೇವರು, ಕೆಳಗೆ ಶಾಸಕರು, ಅದರ ಕೆಳಗೆ ಗ್ರಾಮ ಪಂಚಾಯಿತಿ ಸದಸ್ಯರು, ಎಲ್ಲಾದರೂ ಜಾಗ ಉಳಿದಿದ್ದರೆ ನಾಟಕದ ಹೆಸರು. ‘ತಪ್ಪದೇ ಬನ್ನಿ’ ಎಂಬ ಸಾಲಿನ ಮೇಲೆ ಕಿರಾಣಿ ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟರು. ಮರುವರ್ಷವಾದರೂ ಸರಿಹೋದೀತೆಂದರೆ, 2021ರ ಯುಗಾದಿ ಏಪ್ರಿಲ್ 13ಕ್ಕೆ ಬಂತು, ಎರಡನೇ ಅಲೆ ಅದರ ಕೈಹಿಡಿದು ಬಂತು. 27ಕ್ಕೆ ಮತ್ತೆ ರಾಜ್ಯವೆಲ್ಲ ಬಂದ್. ವೈರಸ್ಸಿಗೆ ಕಣ್ಣಿಲ್ಲ, ಕಿವಿಯಿಲ್ಲ ಎನ್ನುತ್ತಾರೆ. ಪಂಚಾಂಗ ಮಾತ್ರ ಚೆನ್ನಾಗಿ ಗೊತ್ತಿತ್ತು.

ವೃತ್ತಿ ಕಂಪನಿಗಳ ಪಾಡು ಇನ್ನೂ ಒಂದು ಸುತ್ತು ಹೆಚ್ಚು. ದಾವಣಗೆರೆಗೆ ಬೆಣ್ಣೆದೋಸೆಯ ಹೆಸರು ಇರುವಷ್ಟೇ ಗಟ್ಟಿಯಾಗಿ ಕಂಪನಿ ನಾಟಕದ ಹೆಸರೂ ಇದೆ. ಪದ್ಮಶ್ರೀ ಚಿಂದೋಡಿ ಲೀಲಾ ಇದೇ ಊರಿನವರು; ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಹೇಳಿದರೆ ಇವತ್ತಿಗೂ ಹಳಬರು ಎದ್ದು ಕೂರುತ್ತಾರೆ. ಕಂಪನಿಯವರ ಕ್ಯಾಲೆಂಡರ್ ಎಂದರೆ ಜಾತ್ರೆಗಳ ಪಟ್ಟಿ. ಬಾದಾಮಿಯ ಬನಶಂಕರಿ ಮುಗಿಸಿ, ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮ, ಶಿರಸಿಯ ಮಾರಿಕಾಂಬೆ, ಹೀಗೆ ತಗಡು, ಕಂಬ, ಪರದೆ, ಪಾತ್ರೆ ಸಮೇತ ಲಾರಿ ಏರುವುದು ಅವರ ಸಂಸಾರ. ಶಿರಸಿಯ ಜಾತ್ರೆ 2020ರಲ್ಲಿ ಮಾರ್ಚ್ 3ರಿಂದ 11ರವರೆಗೆ ನಡೆಯಿತು. ಮೂರು ದಿನ ಕಳೆಯುವಷ್ಟರಲ್ಲಿ ರಾಜ್ಯಕ್ಕೆ ಬೀಗ. ಎಲ್ಲರಿಗೂ ‘ಮನೆಯಲ್ಲೇ ಇರಿ’ ಎಂದರು. ತಗಡಿನ ಥಿಯೇಟರೇ ಮನೆಯಾದವರು ಎಲ್ಲಿರಬೇಕೆಂದು ಆದೇಶದಲ್ಲಿ ಬರೆಯಲಿಲ್ಲ.

ಕಲಾವಿದರು ಹೀಗೆ ಮೂಲೆ ಸೇರಿದ ಹೊತ್ತಿಗೆ ದೇಶಕ್ಕೆ ಮನರಂಜನೆಯ ಕೊರತೆ ಆಯಿತೇ? ಎಲ್ಲಾದರೂ ಉಂಟೇ! ಕಲಾವಿದರನ್ನು ಬಿಟ್ಟು ಮಿಕ್ಕವರೆಲ್ಲ ಕಲಾವಿದರಾದರು.

ಮಾರ್ಚ್ 22ರ ಸಂಜೆ 5ಕ್ಕೆ ತಾಳವಾದ್ಯ. ತಟ್ಟೆ, ಗಂಟೆ, ಶಂಖ, ಕುಕ್ಕರ್ ಮುಚ್ಚಳ, ಕೈಗೆ ಸಿಕ್ಕಿದ್ದೇ ವಾದ್ಯ. ಜೀವಮಾನವಿಡೀ ತಾಳ ತಪ್ಪದ ತಬಲಾದವರು ಕಿಟಕಿ ಮುಚ್ಚಿಕೊಂಡು ಕೂತರು. ಏಪ್ರಿಲ್ 5ರ ರಾತ್ರಿ 9ಕ್ಕೆ 9 ನಿಮಿಷ ದೀಪೋತ್ಸವ. ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಪುಷ್ಪವೃಷ್ಟಿ. ನಮ್ಮ ಪೌರಾಣಿಕ ನಾಟಕಗಳಲ್ಲಿ ಪುಷ್ಪವೃಷ್ಟಿ ಆಗಬೇಕಾದರೆ ಮೇಲಿನ ಅಟ್ಟದಲ್ಲಿ ಒಬ್ಬ ಹುಡುಗ ಬುಟ್ಟಿ ಹಿಡಿದು ಕೂತಿರುತ್ತಾನೆ. ಇಲ್ಲಿ ವಾಯುಪಡೆಯೇ ಕೂತಿತ್ತು. ಪಿಪಿಇ ಕಿಟ್ ಸಾಲದು ಎಂದು ಕೇಳುತ್ತಿದ್ದವರ ತಲೆ ಮೇಲೆ ಹೂವು ಬಿತ್ತು. ರಂಗಸಜ್ಜಿಕೆ ದೃಷ್ಟಿಯಿಂದ ಕೊರತೆಯೇನೂ ಇಲ್ಲ.

ಆ ದೀಪೋತ್ಸವದಲ್ಲಿ ಗುತ್ತೂರಿನ ಹೆಸರೂ ಬರಬೇಕಿತ್ತು. ಹೊರಗಿನವರಿಗೆ ಗುತ್ತೂರು ಎಂದರೆ ಹರಿಹರ ದಾಟುವಾಗ ಕಣ್ಣಿಗೆ ಬಿದ್ದು ಮರೆಯಾಗುವ ಒಂದು ಬೋರ್ಡು. ವಿದ್ಯುತ್ ಇಲಾಖೆಯ ನಕ್ಷೆಯಲ್ಲಿ ಅದು ದಪ್ಪಕ್ಷರದ ಊರು, 400 ಕೆ.ವಿ. ಸ್ವೀಕರಣಾ ಕೇಂದ್ರ ಇರುವುದು ಇಲ್ಲೇ. ಜನ ಹಣತೆ ಹಚ್ಚಲು ಸ್ವಿಚ್ ಆರಿಸಿದ ಆ ಕೆಲವು ನಿಮಿಷಗಳಲ್ಲಿ ದೇಶದ ವಿದ್ಯುತ್ ಬೇಡಿಕೆ 31 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಕುಸಿಯಿತು, ಆಮೇಲೆ ಅಷ್ಟೇ ವೇಗದಲ್ಲಿ ಏರಿತು. ಗ್ರಿಡ್ ಕುಸಿದುಬೀಳದಂತೆ ಜಲವಿದ್ಯುತ್ ಘಟಕಗಳನ್ನು ಇಳಿಸಿ, ಏರಿಸಿ, ಫ್ರೀಕ್ವೆನ್ಸಿಯ ಮುಳ್ಳಿನ ಮೇಲೆ ಕಣ್ಣಿಟ್ಟು ದೇಶದುದ್ದಕ್ಕೂ ವಿದ್ಯುತ್ ಕೇಂದ್ರಗಳವರು ಉಸಿರು ಬಿಗಿಹಿಡಿದರು. ಅಂದಿನ ಅಸಲಿ ಕಲೆ ನಡೆದದ್ದು ಅಲ್ಲಿ. ಹಳ್ಳಿ ನಾಟಕದ ಕರಪತ್ರದಲ್ಲಿ ‘ಧ್ವನಿ ಮತ್ತು ಬೆಳಕು’ ಎಂದು ಕೊನೆಯಲ್ಲಾದರೂ ಒಂದು ಹೆಸರು ಇರುತ್ತದೆ. ರಾಷ್ಟ್ರೀಯ ನಾಟಕದ ಕರಪತ್ರದಲ್ಲಿ ಅಷ್ಟೂ ಇರಲಿಲ್ಲ. ಇದ್ದದ್ದು ನಾಯಕನ ಫೋಟೊ ಒಂದೇ.

ಕೇಂದ್ರದಲ್ಲಿ ಹೀಗಾದ ಮೇಲೆ ಕೆಳಗಿನವರು ಸುಮ್ಮನಿರುತ್ತಾರೆಯೇ? ಪೊಲೀಸರು ಹಾಡು ಕಟ್ಟಿದರು. ಲಾಠಿ ಹಿಡಿದ ಕೈಯಲ್ಲೇ ಮೈಕ್ ಹಿಡಿದು, ಹೊರಗೆ ಬಂದವನಿಗೆ ಮೊದಲು ಹಾಡು, ಆಮೇಲೆ ಬಸ್ಕಿ. ಕೆಲವು ಊರುಗಳಲ್ಲಿ ಯಮಧರ್ಮನ ವೇಷ ಕಟ್ಟಿಸಿ ಬೈಕ್ ಸವಾರರ ಎದುರು ನಿಲ್ಲಿಸಿದರು. ಕಂಪನಿ ನಾಟಕದಲ್ಲಿ ಯಮ ಬರುವುದು ಕೊನೆಯ ಅಂಕಕ್ಕೆ. ಇಲ್ಲಿ ಸಿಗ್ನಲ್‌ನಲ್ಲೇ ಬಂದ. ಸಿನಿಮಾದವರು ತಮ್ಮ ಅಡುಗೆಮನೆಯಿಂದ ವಿಡಿಯೊ ಬಿಟ್ಟು ಪಾತ್ರೆ ತೊಳೆಯುವುದನ್ನು ಜನತೆಗೆ ಕಲಿಸಿದರು. ಜನತೆ ಅದಕ್ಕೂ ಮುಂಚೆ ಪಾತ್ರೆ ತೊಳೆಯುತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ದೂರದರ್ಶನ 1987ರ ರಾಮಾಯಣವನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಹಾಕಿತು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ಹೇಳಿಕೊಂಡಿತು. ಜನಕ್ಕೆ ಕಥೆ ಬೇಕಿತ್ತು, ವೇಷ ಬೇಕಿತ್ತು, ರಾವಣನ ಗಹಗಹ ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಅದೇ ಹೊತ್ತಿನಲ್ಲಿ ನಮ್ಮ ಕಡೆಯ ಜೀವಂತ ರಾವಣರು ಪಡಿತರದ ಸಾಲಿನಲ್ಲಿ, ಬಳಿದ ಚೌಕದೊಳಗೆ, ಒಂದು ಮೀಟರ್ ಅಂತರ ಬಿಟ್ಟು ನಿಂತಿದ್ದರು.

ಕಲೆಯಿಂದ ಆರೋಗ್ಯ ಎಂಬ ಸಿದ್ಧಾಂತವನ್ನು ರಾಜ್ಯದಲ್ಲೇ ಅತ್ಯಂತ ಶ್ರದ್ಧೆಯಿಂದ ಪ್ರಯೋಗಕ್ಕಿಳಿಸಿದವರು ನಮ್ಮ ಜಿಲ್ಲೆಯವರೇ ಎಂದು ಹೇಳಿಕೊಳ್ಳಲು ಹೆಮ್ಮೆ. 2021ರ ಎರಡನೇ ಅಲೆಯಲ್ಲಿ ಹೊನ್ನಾಳಿಯ ಶಾಸಕ ಎಂ.ಪಿ. ರೇಣುಕಾಚಾರ್ಯ ಅರಬಗಟ್ಟೆಯ ಕೋವಿಡ್ ಕೇರ್ ಸೆಂಟರಿನಲ್ಲೇ ಉಳಿದರು, ಸೋಂಕಿತರೊಂದಿಗೆ ಕುಣಿದರು. ಹೋಮವನ್ನೂ ಮಾಡಿಸಿದರು. ರಾಜ್ಯವೆಲ್ಲ ಆ ವಿಡಿಯೊ ನೋಡಿ ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ನಿಯಮ ಎಲ್ಲಿ ಹೋಯಿತೆಂದು ಕೇಳಿದರು. ನಗುವವರು ನಗಲಿ. ಹಾಸಿಗೆಯಲ್ಲಿ ಆಮ್ಲಜನಕದ ಅಂಕಿ ನೋಡುತ್ತ ಮಲಗಿದವನ ಪಕ್ಕ ಯಾರೋ ಕುಣಿದರೆ ಅವನ ಮುಖ ಅರಳುತ್ತದೆ, ಎದ್ದು ಹೆಜ್ಜೆ ಹಾಕಬೇಕೆನ್ನಿಸುತ್ತದೆ. ಇದು ನಿಜ, ಮತ್ತು ಇದೇ ಆ ಮೂರು ಸಾವಿರ ಅಧ್ಯಯನಗಳ ಸಾರ. ಕೇಳಬೇಕಾದ ಪ್ರಶ್ನೆ ಬೇರೆ. ಕೋವಿಡ್ ಕೇರ್ ಸೆಂಟರಿನ ಸಿಬ್ಬಂದಿ ಪಟ್ಟಿಯಲ್ಲಿ ವೈದ್ಯರಿದ್ದರು, ನರ್ಸ್ ಇದ್ದರು, ಡಿ ಗ್ರೂಪ್ ಇತ್ತು, ಊಟದ ಗುತ್ತಿಗೆದಾರರೂ ಇದ್ದರು. ಪೇಟಿ ಮಾಸ್ತರ್ ಹುದ್ದೆ ಇರಲಿಲ್ಲ. ಮಂಜೂರೇ ಆಗದ ಹುದ್ದೆಗೆ ಶಾಸಕರು ಪ್ರಭಾರ ವಹಿಸಿಕೊಂಡರು. ಮುಖ್ಯಮಂತ್ರಿಗಳ ರಾಜಕೀಯ ಕಾರ್ಯದರ್ಶಿಯೇ ಕುಣಿಯಬೇಕಾಯಿತು ಎಂದರೆ ಇಲಾಖೆಯಲ್ಲಿ ಕುಣಿಯುವವರ ಕೊರತೆ ಎಷ್ಟಿತ್ತೆಂದು ಊಹಿಸಿ. ಅತ್ತ, ಕುಣಿಯುವುದನ್ನೇ ಕಸುಬು ಮಾಡಿಕೊಂಡವರು ಲಾಕ್‌ಡೌನ್ ಪಾಸ್ ಇಲ್ಲದೆ ಮನೆಯಲ್ಲಿದ್ದರು.

ಹಾಗೆಂದು ಸರ್ಕಾರ ಕೈಬಿಟ್ಟಿತೆಂದು ಯಾರೂ ಹೇಳುವ ಹಾಗಿಲ್ಲ. 2021ರ ಮೇ 19ರಂದು ಮುಖ್ಯಮಂತ್ರಿ ಯಡಿಯೂರಪ್ಪ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಕಲಾವಿದರು, ಕಲಾತಂಡಗಳಿಗೆ ತಲಾ 3 ಸಾವಿರ, ಫಲಾನುಭವಿಗಳು 16,095, ಒಟ್ಟು 4.82 ಕೋಟಿ. ನೂರು ರೂಪಾಯಿಯ ಪ್ಯಾಕೇಜಿನಲ್ಲಿ ಕಲೆಯ ಪಾಲು ನಲವತ್ತು ಪೈಸೆಗೂ ಕಡಿಮೆ. ಅಂಗಡಿಯವರು ಚಿಲ್ಲರೆ ಇಲ್ಲವೆಂದು ಅಷ್ಟಕ್ಕೆ ಚಾಕಲೇಟ್ ಸಹ ಕೊಡುವುದಿಲ್ಲ. 16,095 ಎಂಬ ಸಂಖ್ಯೆಯನ್ನಾದರೂ ನೋಡಿ. ರಾಜ್ಯದಲ್ಲಿ ಜನವಸತಿ ಇರುವ ಹಳ್ಳಿಗಳೇ 27 ಸಾವಿರಕ್ಕೂ ಹೆಚ್ಚು. ಹಳ್ಳಿಗೊಬ್ಬ ಕಲಾವಿದನೂ ಇಲ್ಲ ಎಂದು ಲೆಕ್ಕ ಹೇಳುತ್ತದೆ. ಭಜನೆಯವರು, ಕೋಲಾಟದವರು, ಸೋಬಾನೆಯವರು, ಡೊಳ್ಳಿನವರು, ವೀರಗಾಸೆಯವರು, ಹಗಲುವೇಷದವರು ಎಲ್ಲಿಗೆ ಹೋದರು? ಎಲ್ಲಿಗೂ ಹೋಗಲಿಲ್ಲ. ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೋದರು.

ಹರಿಹರದ ಅಂಥದೊಂದು ಸೈಬರ್ ಸೆಂಟರು. ಅರ್ಧ ಎಳೆದ ಶಟರ್, ಒಳಗೆ ಮಾಸ್ಕನ್ನು ಗದ್ದಕ್ಕೆ ತೊಡಿಸಿಕೊಂಡ ಹುಡುಗ. ಎದುರಿಗೆ ಗುತ್ತೂರು ಕಡೆಯ ಹಿರಿಯರೊಬ್ಬರು. ‘ಕುರುಕ್ಷೇತ್ರ’ದ ದುರ್ಯೋಧನನ ಪಾರ್ಟಿಗೆ ಸುತ್ತಲಿನ ಹಳ್ಳಿಗಳಲ್ಲಿ ಅವರದೇ ಹೆಸರು.

“ದೊಡ್ಡಪ್ಪಾ, ಕಲಾವಿದ ಅನ್ನಾಕೆ ಏನಾರ ದಾಖಲೆ ತಂದೀರಾ?”

“ಫೋಟೊ ಐತಿ, ತಗಾ.”

ಹುಡುಗ ಫೋಟೊ ತಿರುವಿ ನೋಡಿದ. ಕಿರೀಟ, ಭುಜಕೀರ್ತಿ, ಕಿವಿವರೆಗೆ ಮೀಸೆ, ಹುಬ್ಬಿನ ಮೇಲೆ ಇನ್ನೊಂದು ಹುಬ್ಬು.

“ಇದ್ರಾಗೆ ನೀವೆಲ್ಲಿ ಅದೀರಿ?”

“ನಡುವೆ ಗದೆ ಹಿಡ್ಕಂಡು ನಿಂತಾನಲ್ಲ, ಅವನೇ ನಾನು.”

“ಆಧಾರ್ ಫೋಟೊಕ್ಕೂ ಇದಕ್ಕೂ ತಾಳೆನೇ ಆಗಲ್ಲಲ್ಲ ದೊಡ್ಡಪ್ಪಾ.”

“ತಾಳೆ ಆಗಿದ್ರೆ ಜನ ಯಾಕಲೇ ನಾಟಕ ನೋಡಾಕೆ ಬರ್ತಿದ್ರು?”

ಹುಡುಗ ನಗಲಿಲ್ಲ, ಪೋರ್ಟಲ್‌ನಲ್ಲಿ ನಗುವುದಕ್ಕೆ ಕಾಲಂ ಇರಲಿಲ್ಲ. ಹಿರಿಯರು ಒಂದು ಹಳೆಯ ಕರಪತ್ರ ತೆಗೆದು ಮಡಿಕೆ ಬಿಡಿಸಿದರು. ಅದರಲ್ಲಿ ‘ಅಭಿನವ ಕೌರವ’ ಎಂಬ ಬಿರುದು ದೊಡ್ಡದಾಗಿತ್ತು, ಹೆಸರು ಸಣ್ಣದಾಗಿತ್ತು, ಹೆಸರಿನ ಅರ್ಧಭಾಗ ಮಡಿಕೆಯಲ್ಲಿ ಸವೆದುಹೋಗಿತ್ತು.

“ಆಧಾರಿನ್ಯಾಗೆ ಅಭಿನವ ಅನ್ನೋದು ಇಲ್ಲ. ಈ ಬಿರುದು ಕೊಟ್ಟೋರು ಯಾರು? ಅವ್ರ ಲೆಟರ್‌ಹೆಡ್ಡಿನ ಮ್ಯಾಲೆ ಬರೆಸ್ಕಂಡ್ ಬರ್ರಿ.”

“ಕೊಟ್ಟೋರು ಜನ. ಜನದತ್ರ ಲೆಟರ್‌ಹೆಡ್ ಎಲ್ಲಿ ಇರತೈತೋ ತಮ್ಮಾ?”

“ಹೋಗ್ಲಿ, ಓಟಿಪಿ ಬಂದೈತಾ ನೋಡ್ರಿ.”

ಓಟಿಪಿ ಬಂದಿತ್ತು, ಬೆಂಗಳೂರಿನಲ್ಲಿದ್ದ ಮಗನ ಫೋನಿಗೆ. ಅವನಿಗೆ ಕರೆ ಮಾಡಿ, ಅವನು ಎತ್ತಿ, ಆರು ಅಂಕಿ ಹೇಳುವಷ್ಟರಲ್ಲಿ ಅದರ ಆಯುಸ್ಸು ಮುಗಿದಿತ್ತು. ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ದುರ್ಯೋಧನನನ್ನು ಭೀಮ ಕೂಗಿ ಕೂಗಿ ಹೊರಗೆಳೆದ. ಸರ್ವರ್‌ನಲ್ಲಿ ಅಡಗಿ ಕೂತ 3 ಸಾವಿರ ರೂಪಾಯಿಯನ್ನು ಹೊರಗೆಳೆಯಲು ದುರ್ಯೋಧನನಿಗೇ ಸಾಧ್ಯವಾಗಲಿಲ್ಲ.

ಇದರಲ್ಲಿ ಹುಡುಗನ ತಪ್ಪಿಲ್ಲ. ಕಲೆಗೂ ಕಡತಕ್ಕೂ ಹುಟ್ಟಾ ವೈರ. ಬಣ್ಣ ಚೆನ್ನಾಗಿ ಹಚ್ಚಿದಷ್ಟೂ ಗುರುತು ಸಿಗುವುದಿಲ್ಲ, ಗುರುತು ಸಿಗದಷ್ಟೂ ಅರ್ಜಿ ತಿರಸ್ಕೃತ. ಪೇಟಿ ಮಾಸ್ತರು ಪಕ್ಕದಲ್ಲಿ ಕೂರುವವರು, ಯಾವ ಫೋಟೊದಲ್ಲೂ ಬಾರರು. ಪರದೆ ಎಳೆಯುವವನ ಕೆಲಸವೇ ಕಾಣದಿರುವುದು. ಹೀಗೆ ಅತ್ಯುತ್ತಮ ಕಲಾವಿದರು ದಾಖಲೆಯಿಲ್ಲದೆ ಉದುರಿದರು. ಪೂರ್ತಿ ದಾಖಲೆ ಇದ್ದವರೆಂದರೆ, ಪ್ರತಿ ಕಾರ್ಯಕ್ರಮದಲ್ಲೂ ವೇದಿಕೆಯ ನಡುವೆ ನಿಂತು, ಬಣ್ಣ ಹಚ್ಚದೆ, ಕ್ಯಾಮೆರಾ ನೋಡಿ, ಶಾಲು ಹೊದೆಸಿಕೊಂಡು ಫೋಟೊ ತೆಗೆಸಿಕೊಂಡವರು.

ಬೇರೆ ಕಡೆಯವರು ಏನು ಮಾಡಿದರು? ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದವರು 2020ರಲ್ಲಿ ಆಸ್ಪತ್ರೆಯವರೊಂದಿಗೆ ಕೂಡಿ, ಕೋವಿಡ್‌ನಿಂದ ಎದ್ದು ಇನ್ನೂ ಏದುಸಿರು ಬಿಡುತ್ತಿದ್ದವರಿಗೆ ಹಾಡಿನ ಮೂಲಕ ಉಸಿರಾಟ ಕಲಿಸಿದರು. ಅದರ ಪರಿಣಾಮವನ್ನು ಪರೀಕ್ಷಿಸಿದ ಅಧ್ಯಯನ 2022ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಪ್ರಕಟವಾಯಿತು. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ಚಾಪೆಯವನಿಗೂ ಕೇಳುವಂತೆ ಒಂದೇ ಉಸಿರಿನಲ್ಲಿ ಅರ್ಧ ಪುಟದ ಮಾತು ಹೊಡೆದ ಕಂಪನಿ ನಟರ ವಂಶ ದಾವಣಗೆರೆಯಲ್ಲಿದೆ. ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಅವರ ಮನೆತನದ ವಿದ್ಯೆ. ಎರಡು ಮೆಡಿಕಲ್ ಕಾಲೇಜಿರುವ ಈ ಊರಿನಲ್ಲಿ ಆ ವಿದ್ಯೆಯನ್ನು ಈ ವಾರ್ಡಿಗೆ ಕರೆಯಬಹುದೆಂದು ಯಾರಿಗೂ ಹೊಳೆಯಲಿಲ್ಲ. ಐರ್ಲೆಂಡ್ 2022ರಲ್ಲಿ 2,000 ಕಲಾವಿದರಿಗೆ ವಾರಕ್ಕೆ 325 ಯೂರೊ, ಮೂರು ವರ್ಷ, ಯಾವ ಕೃತಿಯನ್ನೂ ಪ್ರತಿಯಾಗಿ ಕೇಳದೆ ಕೊಡುವ ಯೋಜನೆ ಶುರು ಮಾಡಿತು. ವಾರಕ್ಕೆ! ನಮ್ಮಲ್ಲಿ ಎರಡನೇ ಅಲೆಯ ಇಡೀ ಲಾಕ್‌ಡೌನಿಗೆ ಕೊಟ್ಟದ್ದು ಅವರ ಒಂದು ದಿನದ ಬಾಬ್ತಿಗೂ ಸಾಲದು. ಅವರು ಶ್ರೀಮಂತರು, ಸರಿ. ಆದರೆ ಕಲಾವಿದನೂ ಕೂಲಿಗೆ ಅರ್ಹನಾದ ಕೆಲಸಗಾರ ಎಂದು ಒಪ್ಪಿಕೊಳ್ಳಲು ಶ್ರೀಮಂತಿಕೆ ಬೇಕಿಲ್ಲ.

ನಮ್ಮ ಹಳ್ಳಿಗಳಿಗೂ ಇಂಥದೊಂದು ಒಪ್ಪಂದ ಗೊತ್ತಿಲ್ಲದ್ದೇನಲ್ಲ. ಆಷಾಢದಲ್ಲಿ ಈ ಸೀಮೆಯಲ್ಲಿ ಅಜ್ಜಿ ಹಬ್ಬ ಮಾಡುತ್ತಾರೆ. ರೋಗರುಜಿನ ಬಾರದಿರಲೆಂದು ಹೋಳಿಗೆ ಮಾಡಿ, ಬೇವಿನ ಸೊಪ್ಪು, ಬಳೆ, ಅರಿಸಿನ, ಕುಂಕುಮ ಇಟ್ಟು, ಹೆಂಗಸರೆಲ್ಲ ಸೇರಿ ಅಜ್ಜಿಯನ್ನು ಊರ ಗಡಿ ದಾಟಿಸಿ ಬರುತ್ತಾರೆ. ಆ ಊರಿನವರು ಅವಳನ್ನು ಮುಂದಿನ ಊರಿಗೆ ದಾಟಿಸುತ್ತಾರೆ. ಜಗತ್ತಿನ ಮೊದಲ ‘ಟ್ರಾವೆಲ್ ಹಿಸ್ಟರಿ’ ಈ ಅಜ್ಜಿಯದೇ. ಪಕ್ಕದ ಊರಿಗೆ ರೋಗ ದಾಟಿಸುವುದು ಎಂಥ ಮೌಢ್ಯ ಎಂದು ಓದಿದವರು ನಗುತ್ತಾರೆ. 2020ರ ಮಾರ್ಚ್‌ನಲ್ಲಿ ಕಾಸರಗೋಡಿನ ರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಬರುವ ರೋಗಿಗಳನ್ನೇ ತಡೆದವರು ಓದಿದವರೇ ಆಗಿದ್ದರು. ಅಜ್ಜಿಗೆ ಹೋಳಿಗೆಯಾದರೂ ಕೊಡುತ್ತಾರೆ. ಕೊಳ್ಳೇಗಾಲದ ಮಧುವನಹಳ್ಳಿಯಲ್ಲಿ 2021ರಲ್ಲಿ ಕೊರೊನಾ ಮಾರಮ್ಮನನ್ನು ಪ್ರತಿಷ್ಠಾಪಿಸಿದಾಗಲೂ ಇದೇ ನಗು ಕೇಳಿಬಂತು. ಹಣತೆಯಿಂದ ವೈರಸ್ ಓಡಿಸಲು ಹೊರಟ ದೇಶದಲ್ಲಿ ನಗುವ ಹಕ್ಕು ಯಾರಿಗಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅಜ್ಜಿ ಹಬ್ಬದಿಂದ ಸೋಂಕು ತಗ್ಗುವುದಿಲ್ಲ. ಲಸಿಕೆಯ ಕೆಲಸವನ್ನು ಲಸಿಕೆಯೇ ಮಾಡಬೇಕು. ಆದರೆ ಭಯವನ್ನು ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ನುಂಗುವ ಬದಲು ಊರೆಲ್ಲ ಸೇರಿ ಹೊತ್ತೊಯ್ದು ಬಿಟ್ಟುಬರುವ ಒಂದು ಏರ್ಪಾಡು ಅದು. ಊರ ದೇವರ ಕೆಲಸವೆಂದರೆ ಹಲಗೆ ಬಡಿದವರಿಗೆ ಕಾಳು, ಹಾಡಿದವರಿಗೆ ಉಡಿ ತುಂಬುವುದು ಆ ಏರ್ಪಾಡಿನೊಳಗೇ ಸೇರಿದ್ದು. ಹಲಗೆಯವರ ಪಾಲು ನ್ಯಾಯವಾದುದೆಂದು ಹೇಳಲು ಬಾಯಿ ಬರುವುದಿಲ್ಲ. ಅವರನ್ನು ಊರಾಚೆ ನಿಲ್ಲಿಸಿಯೇ ಬಡಿಸಿದ ಇತಿಹಾಸ ಅದು. ಅಷ್ಟು ಕ್ರೂರವಾಗಿದ್ದ ಊರಿಗೂ ಒಂದು ಮಾತು ಗೊತ್ತಿತ್ತು: ಬಡಿಸಿಕೊಂಡ ಮೇಲೆ ಕೊಡಬೇಕು. ಸಮಾನತೆಯ ಸಂವಿಧಾನ ಹಿಡಿದು ಕೂತ ನಾವು ಅದೊಂದನ್ನು ಬಿಟ್ಟು ಹಳೆಯದನ್ನೆಲ್ಲ ಉಳಿಸಿಕೊಂಡಿದ್ದೇವೆ.

ಈಗ ಸೋಂಕು ಹೋಗಿ ‘ವೆಲ್‌ನೆಸ್’ ಬಂದಿದೆ. ಕಲಾ ಚಿಕಿತ್ಸೆಯ ವೆಬಿನಾರು, ಒತ್ತಡ ಕಳೆಯಲು ಬಣ್ಣ ತುಂಬುವ ಪುಸ್ತಕ, ಕಂಪನಿ ನೌಕರರಿಗೆ ಶನಿವಾರದ ಡ್ರಮ್ ಬಡಿತ. ಎಲ್ಲಕ್ಕೂ ಶುಲ್ಕ ಉಂಟು, ಪ್ರಮಾಣಪತ್ರ ಉಂಟು. ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಕಾಲೇಜು ಇದೆ. ಅಲ್ಲಿ ಓದಿ ಬಂದ ಹುಡುಗರು ಸರ್ಕಾರಿ ಶಾಲೆಯ ಚಿತ್ರಕಲಾ ಮೇಷ್ಟ್ರ ಹುದ್ದೆಗೆ ಕಾದು ಕಾದು ಫ್ಲೆಕ್ಸ್ ಡಿಸೈನಿಗೆ ಕೂರುತ್ತಾರೆ. ಎರಡು ವರ್ಷ ಮನೆಯಲ್ಲಿ ಮುದುರಿದ ಮಕ್ಕಳ ಮನಸ್ಸು ಅರಳಿಸಬೇಕು ಎಂದು ಸುತ್ತೋಲೆ ಬರುತ್ತದೆ, ಅರಳಿಸಬೇಕಾದ ಮೇಷ್ಟ್ರ ಹುದ್ದೆ ಖಾಲಿ ಇರುತ್ತದೆ, ಖಾಲಿ ಗೋಡೆಗೆ ಫ್ಲೆಕ್ಸ್ ಬೀಳುತ್ತದೆ. ಫ್ಲೆಕ್ಸಿನಲ್ಲಿ ನಗುತ್ತಿರುವವರು ಯಾರೆಂದು ಹೇಳಬೇಕಿಲ್ಲ.

ಬೀಗ ತೆಗೆದ ಮೇಲೆ ನಾಟಕಗಳೂ ಮರಳಿದವು. ಪರದೆ ಏಳುವ ಮುನ್ನ ‘ಕೊರೊನಾ ವಾರಿಯರ್’ಗಳಿಗೆ ಸನ್ಮಾನ ಎಂಬ ಹೊಸ ಅಂಕ ಸೇರಿಕೊಂಡಿತು. ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ ಸಲ್ಲಬೇಕಾದದ್ದೇ. ಅವರ ಹಿಂದೆ ಕಿಟ್ ಹಂಚಿದವರು, ಕಿಟ್ ಹಂಚುವಾಗ ಪಕ್ಕದಲ್ಲಿ ನಿಂತವರು, ಪಕ್ಕದಲ್ಲಿ ನಿಂತವರ ಫೋಟೊ ತೆಗೆದವರು ಸಾಲಾಗಿ ಬಂದರು. ಒಬ್ಬೊಬ್ಬರಿಗೆ ಶಾಲು, ಹಾರ, ಮೈಸೂರು ಪೇಟ, ಎರಡು ಮಾತು. ಒಳಗೆ ಚೌಕಿಯಲ್ಲಿ ನಮ್ಮ ದುರ್ಯೋಧನ ಮುಖಕ್ಕೆ ಬಣ್ಣ ಹಚ್ಚಿ, ಕಿರೀಟ ಬಿಗಿದು, ಗಂಟೆಗಟ್ಟಲೆ ಕಾದರು. ಹನ್ನೆರಡರ ಮೇಲೆ ನಿರೂಪಕ ಒಳಗೆ ಇಣುಕಿ, ಸಾಹೇಬರು ಹೊರಟರು, ಪೊಲೀಸರು ಬೇಗ ಮುಗಿಸಿ ಅನ್ನುತ್ತಿದ್ದಾರೆ, ಸಂಧಾನದ ಸೀನು ಬಿಟ್ಟು ಸೀದಾ ಯುದ್ಧಕ್ಕೆ ಹೋಗಿ ಎಂದ. ಹೋಗುವ ಮುನ್ನ ಸಾಹೇಬರೂ ಚೌಕಿಗೆ ಬಂದು ಹಿರಿಯರ ಹೆಗಲ ಮೇಲೆ ಕೈಯಿಟ್ಟು, “ನೀವೂ ಒಂಥರಾ ವಾರಿಯರ್ರೇ. ನಿಮ್ಮಂಥೋರಿಂದಲೇ ಜನಕ್ಕೆ ಧೈರ್ಯ. ಮುಂದಿನ ಸಲ ನಿಮಗೂ ಒಂದು ಸನ್ಮಾನ ಇಟ್ಕೊಳ್ಳೋಣ” ಎಂದರು.

ದುರ್ಯೋಧನ ಗದೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

“ಸನ್ಮಾನ ಬ್ಯಾಡ್ರೀ ಸಾಹೇಬ್ರೇ, ಶಾಲು ಮನ್ಯಾಗೆ ಭಾಳ ಅದಾವು. ಮುಂದಿನ ರೋಗ ಬಂದಾಗ ನಾಟಕ ನಿಲ್ಲಿಸ್ತೀರಲ್ಲ, ಅವತ್ತೇ ನಿಲ್ಲಿಸಿದ ನಾಟಕದ ಪಗಾರ ಕೊಟ್ಟು ನಿಲ್ಲಿಸ್ರಿ.”